ಕೀಲೆಣ್ಣೆ ಮತ್ತು ಕೃಪಾಂಕ

"ಓಡ್ತಾ ಇದೆಯಲ್ಲ ಸಾರ್, ಅದರ ತಂಟೆಗೆ ಯಾಕೆ ಹೋಗ್ತೀರಿ?"

2024ರ ಮೇ ತಿಂಗಳ ಮೊದಲ ಭಾನುವಾರ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ನನ್ನ ಮಗನ ಸ್ನೇಹಿತರೊಬ್ಬರ ಮನೆಯಲ್ಲಿ ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಿಂತಿದ್ದಾಗ ಈ ಮಾತು ನನ್ನ ಕಿವಿಗೆ ಬಿತ್ತು. ಹೇಳಿದವರು ಒಳ್ಳೆಯವರು, ಓದಿದವರು. ಸುತ್ತ ನಿಂತಿದ್ದ ನಾಲ್ಕೈದು ಮಂದಿ ತಲೆದೂಗಿದರು. ನನ್ನ ಮಗನೂ ತಲೆದೂಗಿದ. ಅತಿಥಿಯಾಗಿ ಹೋದವನು ಊಟದ ಮನೆಯಲ್ಲಿ ವಾದಕ್ಕೆ ಇಳಿಯಬಾರದೆಂದು ನಾನು ಸುಮ್ಮನಾದೆ. ಅಂದು ನುಂಗಿಕೊಂಡ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಉದ್ದವಾಯಿತೆಂದು ಓದುಗ ಮಿತ್ರರು ಬೇಸರಿಸಬಾರದು; ಮೂವತ್ತಮೂರು ವರ್ಷ ನಲವತ್ತು ನಿಮಿಷದ ಪೀರಿಯಡ್ಡುಗಳಲ್ಲಿ ಮಾತನಾಡಿ ಅಭ್ಯಾಸವಾದವನಿಗೆ ಸಂಕ್ಷೇಪ ಒಗ್ಗುವುದಿಲ್ಲ.

ಚರ್ಚೆಯ ವಸ್ತು ಮಗನ ಮೋಟಾರ್‌ಹೋಮ್. ಅಡುಗೆಮನೆ, ಮಂಚ, ಶೌಚಾಲಯ ಎಲ್ಲವನ್ನೂ ಹೊತ್ತು ತಿರುಗುವ ವಾಹನ. ನನ್ನ ಹೆಂಡತಿ ಅದಕ್ಕೆ 'ಗಾಡಿಮನೆ' ಎಂದು ಹೆಸರಿಟ್ಟಿದ್ದಾಳೆ. ನಾನೂ ಹಾಗೆಯೇ ಕರೆಯುತ್ತೇನೆ. ಜನರಲ್ ಮೋಟಾರ್ಸ್ ಕಂಪನಿಯವರು 1973ರಿಂದ 1978ರವರೆಗಿನ ಮಾದರಿಗಳಾಗಿ, ಮಗನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಪಾಂಟಿಯಾಕ್ ಎಂಬ ಊರಿನಲ್ಲಿ, ಜಿಎಂಸಿ ಎಂಬ ಹೆಸರಿನಲ್ಲಿ ಇವನ್ನು ತಯಾರಿಸಿದರು. ಒಟ್ಟು ಸುಮಾರು 13 ಸಾವಿರ ಹೊರಬಂದವು. ಮಗನದು 1976ರದು, 26 ಅಡಿ ಉದ್ದದ್ದು. 1981ರಲ್ಲಿ ಬಂದ 'ಸ್ಟ್ರೈಪ್ಸ್' ಎಂಬ ಹಾಲಿವುಡ್ ಚಿತ್ರದಲ್ಲಿ ಇಂಥದೇ ಗಾಡಿಯನ್ನು ಯುದ್ಧವಾಹನವಾಗಿ ತೋರಿಸಿದ್ದಾರೆಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ನಾನು ಆ ಚಿತ್ರ ನೋಡಿಲ್ಲ, ನೋಡುವ ಉತ್ಸಾಹವೂ ಇಲ್ಲ.

ಆದರೆ ಅವನು ಇದನ್ನು 2021ರಲ್ಲಿ ಕೊಂಡದ್ದು ಸಿನಿಮಾದ ಮೋಹದಿಂದಲ್ಲ. ಅವನ ತಾಯಿಗೆ ಎರಡೂ ಮೊಣಕಾಲು ಸವೆದಿವೆ, ಬೆನ್ನಿನ ತೊಂದರೆ ಬೇರೆ. ಕಾರಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂರಲಾರಳು. ಈಗಿನ ಗಾಡಿಮನೆಗಳಿಗೆ ಹತ್ತಬೇಕಾದರೆ ಲಾರಿ ಹತ್ತಿದಂತೆ ಮೂರು ನಾಲ್ಕು ಮೆಟ್ಟಿಲು ಏರಬೇಕು. ಈ ಹಳೆಯದಕ್ಕೆ ಒಂದೇ ಮೆಟ್ಟಿಲು. ಒಳಗೆ ಹೋಗಿ ಹಿಂದಿನ ಮಂಚದ ಮೇಲೆ ಮಲಗಿಬಿಟ್ಟರೆ ನೂರಾರು ಮೈಲಿ ನಿದ್ದೆ ಮಾಡುತ್ತಾ ಹೋಗಬಹುದು. "ಅಮ್ಮನಿಗೋಸ್ಕರ ತಗೊಂಡೆ ಅಪ್ಪಾ" ಎಂದು ಅವನು ಫೋನಿನಲ್ಲಿ ಹೇಳಿದಾಗ ನಾನು ಬಯ್ಯಬೇಕೆಂದಿದ್ದವನು ಸುಮ್ಮನಾಗಿದ್ದೆ.

ಈ ತಗ್ಗಿನ ನೆಲ, ಈ ಮೆತ್ತನೆಯ ಓಟ ಎಲ್ಲಿಂದ ಬಂದವು? ಇದು ಮುಂಚಕ್ರಗಳಿಂದ ಎಳೆಯುವ ಗಾಡಿ. ಎಂಜಿನ್ನು, ಗೇರು, ಶಕ್ತಿಯೆಲ್ಲ ಮುಂದೆಯೇ ಮುಗಿಯುತ್ತದೆ. ಹಿಂದಕ್ಕೆ ಉದ್ದನೆಯ ಶಾಫ್ಟು ಇಲ್ಲ, ಅಡ್ಡಲಾಗಿ ಅಚ್ಚೂ ಇಲ್ಲ. ಒಂದೊಂದು ಪಕ್ಕದಲ್ಲಿ ಒಂದರ ಹಿಂದೊಂದು ಎರಡು ಚಕ್ರ. ಮುಂದಿನ ಚಕ್ರವನ್ನು ಹಿಡಿದ ತೋಳು ಮುಂದಕ್ಕೆ ಚಾಚಿದೆ, ಹಿಂದಿನ ಚಕ್ರವನ್ನು ಹಿಡಿದದ್ದು ಹಿಂದಕ್ಕೆ. ಎರಡೂ ತೋಳುಗಳು ತಮ್ಮ ತಮ್ಮ ದಪ್ಪನೆಯ ಪಿನ್ನಿನ ಮೇಲೆ ತಿರುಗುತ್ತವೆ. ತೋಳುಗಳ ಮೇಲ್ತುದಿಗಳ ನಡುವೆ ರಬ್ಬರಿನ ಒಂದು ಗಾಳಿಚೀಲ ಅಡ್ಡಡ್ಡ ಮಲಗಿದೆ. (ಅಪಘಾತವಾದಾಗ ಕಾರಿನಲ್ಲಿ ಉಬ್ಬುವ ಏರ್‌ಬ್ಯಾಗ್ ಅಲ್ಲ, ಇದು ಸ್ಪ್ರಿಂಗಿನ ಕೆಲಸ ಮಾಡುವ ಚೀಲ.) ಚಕ್ರ ಮೇಲಕ್ಕೆದ್ದರೆ ತೋಳಿನ ಮೇಲ್ತುದಿ ಚೀಲವನ್ನು ಒತ್ತುತ್ತದೆ. ಒಂದು ಚಕ್ರ ಉಬ್ಬಿನ ಮೇಲೆ ಹತ್ತಿದರೆ ಚೀಲ ಆ ಒತ್ತಡವನ್ನು ಎರಡನೆಯದಕ್ಕೂ ಹಂಚುತ್ತದೆ. ತಕ್ಕಡಿಯ ತತ್ವ. ಮೊದಲ ಸಲ ಟಾರ್ಚು ಹಿಡಿದು ನೋಡಿದಾಗ ಒಂಬತ್ತನೆಯ ತರಗತಿಯ ಸನ್ನೆಕೋಲು ಪಾಠಕ್ಕೆ ಇಂಥ ಉದಾಹರಣೆ ನನಗೆ ಸಿಕ್ಕಿರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ತುಂಬಿದ ಗಾಡಿ ಐದು ಟನ್ನಿಗೂ ಮಿಕ್ಕಿ ತೂಗುತ್ತದೆ. ಅದರ ಹಿಂಭಾಗದ ಭಾರವನ್ನೆಲ್ಲ ಹೊತ್ತದ್ದು ಎರಡೇ ಎರಡು ಗಾಳಿಚೀಲಗಳು ಮತ್ತು ನಾಲ್ಕು ಪಿನ್ನುಗಳು. ಚೀಲದೊಳಗಿನ ಒತ್ತಡ ಚದರಂಗುಲಕ್ಕೆ ನೂರು ಪೌಂಡಿನ ಆಸುಪಾಸು, ಅಂದರೆ ನಿಮ್ಮ ಕಾರಿನ ಟೈರಿನ ಸುಮಾರು ಮೂರು ಪಟ್ಟು. ಓದುಗರು ಈ ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗುತ್ತದೆ.

ಇಂಥ ವ್ಯವಸ್ಥೆಗೆ ಬೇಕಾದ ಆರೈಕೆ ದೊಡ್ಡದಲ್ಲ. ಪಿನ್ನುಗಳಿಗೆ ಕಾಲಕಾಲಕ್ಕೆ ಗ್ರೀಸು, ಚೀಲಕ್ಕೂ ಕೊಳವೆಗಳಿಗೂ ಕಾಲಕಾಲಕ್ಕೆ ಒಂದು ನೋಟ. ಇಷ್ಟೇ. ಇಷ್ಟನ್ನು ಮಾಡುವುದಿಲ್ಲ ಎಂಬುದೇ ನನ್ನ ಜಗಳ.

ತಿಪಟೂರು ತಾಲ್ಲೂಕಿನ ನಮ್ಮೂರಿನಲ್ಲಿ ನಮ್ಮ ತಂದೆಯವರ ಎತ್ತಿನಗಾಡಿಯ ಕೆಳಗೆ ಬಿದಿರಿನ ಗೊಟ್ಟವೊಂದು ಸದಾ ತೂಗಾಡುತ್ತಿತ್ತು. ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಕೀಲೆಣ್ಣೆ. ಸಂತೆಗೆ ಹೊರಡುವ ಮುನ್ನ ಕಡಾಣಿ ಕಿತ್ತು, ಚಕ್ರವನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಎಣ್ಣೆ ಸವರಿ, ಚಕ್ರವನ್ನು ಮತ್ತೆ ಕೂಡಿಸುವುದು ನನಗೆ ಮತ್ತು ನಮ್ಮಣ್ಣನಿಗೆ ವಹಿಸಿದ ಕೆಲಸ. ಚಕ್ರ ಕಿರುಗುಟ್ಟಿದ ಮೇಲೆ ಎಣ್ಣೆ ಹಾಕಿದರೆ ತಂದೆಯವರು ಮೆಚ್ಚುತ್ತಿರಲಿಲ್ಲ. ಕಿರುಗುಟ್ಟಿತೆಂದರೆ ಅಚ್ಚು ಆಗಲೇ ಸವೆದಿದೆ ಎಂದು ಅವರ ಲೆಕ್ಕ. ಅವರು ಮೂರನೆಯ ತರಗತಿಯವರೆಗೆ ಓದಿದವರು.

ಮಗ ಗಾಡಿಯನ್ನು ಕೊಂಡದ್ದು ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬ ಹಿರಿಯರಿಂದ. ಅವರು ಬೀಗದ ಕೈಗಳ ಜೊತೆಗೆ ಒಂದು ನೋಟ್‌ಪುಸ್ತಕವನ್ನೂ ಕೊಟ್ಟಿದ್ದರು. ಇಪ್ಪತ್ತು ವರ್ಷಗಳ ದಾಖಲೆ: ದಿನಾಂಕ, ಮೈಲಿ, ಯಾವ ಪಿನ್ನಿಗೆ ಗ್ರೀಸು, ಯಾವ ಚೀಲ ಯಾವಾಗ ಬದಲು, ಯಾವ ಕೊಳವೆಯಲ್ಲಿ ಸೋರಿಕೆ ಕಂಡಿತು, ಹೇಗೆ ನಿಂತಿತು. ಸಣ್ಣ, ನೆಟ್ಟನೆಯ ಅಕ್ಷರ. ನಾನು ಆ ಪುಸ್ತಕವನ್ನು ಒಳ್ಳೆಯ ಮೇಷ್ಟರ ಹಾಜರಿ ಪುಸ್ತಕದಂತೆ ಓದಿದೆ. ಕೊನೆಯ ನಮೂದು 2021ರ ಆಗಸ್ಟಿನದು. ಆಮೇಲೆ ಪುಟಗಳು ಖಾಲಿ. ನನ್ನ ಮಗ ಪುಸ್ತಕವನ್ನು ಅಡುಗೆಕಟ್ಟೆಯ ಕೆಳಗಿನ ಡ್ರಾಯರಿನಲ್ಲಿ, ಸೌಟುಗಳ ಅಡಿಯಲ್ಲಿ ಇಟ್ಟಿದ್ದ.

ಅವನೇನೂ ಗಾಡಿಯನ್ನು ಅಲಕ್ಷಿಸಿರಲಿಲ್ಲ. ಮೂರು ವರ್ಷಗಳಲ್ಲಿ ಹೊಸ ಬಣ್ಣ ಹೊಡೆಸಿದ್ದ. ಕುರ್ಚಿಗಳಿಗೆ ಹೊಸ ಹೊದಿಕೆ, ಚಾವಣಿಯ ಮೇಲೆ ಸೌರಫಲಕ, ಒಳಗೆ ಬಣ್ಣ ಬದಲಿಸುವ ದೀಪಗಳು. ಇವಕ್ಕೆಲ್ಲ ಖರ್ಚು ಮಾಡಿದ ಹಣವನ್ನು ರೂಪಾಯಿಗೆ ಪರಿವರ್ತಿಸಿ ಹೆಂಡತಿಗೆ ಹೇಳಬಾರದೆಂದು ನನಗೂ ಅವನಿಗೂ ಒಪ್ಪಂದವಾಗಿದೆ. ಆದರೆ ನಾಲ್ಕು ಡಾಲರಿನ ಗ್ರೀಸಿನ ಕೊಳವೆ ಮೂರು ವರ್ಷದಿಂದ ಗ್ಯಾರೇಜಿನಲ್ಲಿ ಮುಚ್ಚಳ ತೆಗೆಯದೆ ಬಿದ್ದಿತ್ತು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಇನ್‌ಸ್ಪೆಕ್ಟರರು ಬರುವ ಹಿಂದಿನ ದಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಚಾವಣಿಯ ತೊಲೆಗೆ ಗೆದ್ದಲು ಹಿಡಿದಿದ್ದನ್ನು ಮಕ್ಕಳು ಕೂಡ ಬಲ್ಲವರಾಗಿದ್ದರು. ಸಾವಿರಾರು ಮೈಲಿ ದಾಟಿ ಬಂದು ಅದೇ ಸುಣ್ಣವನ್ನು ಕಂಡೆ.

ಮೊದಲ ವಾರ ನನಗೆ ರಾತ್ರಿ ನಿದ್ದೆಯಿರಲಿಲ್ಲ. ಅಲ್ಲಿನ ರಾತ್ರಿ ಇಲ್ಲಿನ ಹಗಲು. ಕಿಟಕಿಯ ಪಕ್ಕ ಎಚ್ಚರವಾಗಿ ಮಲಗಿದ್ದವನಿಗೆ ಅಂಗಳದಲ್ಲಿ ನಿಂತ ಗಾಡಿಯಿಂದ 'ಗುರ್ರ್' ಎಂಬ ಸದ್ದು ಆಗಾಗ ಕೇಳಿಸುತ್ತಿತ್ತು. ಒಂದೆರಡು ನಿಮಿಷ ಗುರುಗುಟ್ಟಿ ನಿಲ್ಲುವುದು, ಮತ್ತೆ ಕೆಲ ಹೊತ್ತಿಗೆ ಶುರುವಾಗುವುದು. ಬೆಳಿಗ್ಗೆ ಕೇಳಿದೆ.

"ಅದು ಕಂಪ್ರೆಸರ್ ಅಪ್ಪಾ. ಹಿಂದಿನ ಏರ್‌ಬ್ಯಾಗಲ್ಲಿ ಗಾಳಿ ಕಮ್ಮಿ ಆದ್ರೆ ತಾನೇ ತುಂಬಿಸುತ್ತೆ. ನಿಂತಾಗ್ಲೂ ಕೆಲಸ ಮಾಡ್ಲಿ ಅಂತ ನಾನೇ ಮನೆ ಕರೆಂಟಿಗೆ ಸೇರಿಸಿದೀನಿ. ಪೂರ್ತಿ ಆಟೋಮ್ಯಾಟಿಕ್!"

ಅವನ ಮುಖದಲ್ಲಿ ಹೆಮ್ಮೆಯಿತ್ತು. ಈ ಗಾಡಿಗಳಿಗೆ ಗಾಳಿ ತುಂಬುವ ಪಂಪೂ, ಎತ್ತರ ಕಾಯುವ ಕವಾಟಗಳೂ ಕಾರ್ಖಾನೆಯಿಂದಲೇ ಬಂದಿದ್ದವು. ಹೊರೆ ಹೆಚ್ಚು ಕಡಿಮೆಯಾದಾಗ ಹಿಂಭಾಗವನ್ನು ಸಮಮಟ್ಟದಲ್ಲಿ ನಿಲ್ಲಿಸುವುದು ಅವುಗಳ ಉದ್ದೇಶ. ಬಹಳ ಒಳ್ಳೆಯ ಉದ್ದೇಶ. ಆದರೆ ನಿಂತ ಗಾಡಿಯ ಹೊರೆ ರಾತ್ರಿಯಿಡೀ ಬದಲಾಗುವುದಿಲ್ಲವಲ್ಲ? ಹಾಗಿದ್ದರೆ ಅರ್ಧರಾತ್ರಿಯಲ್ಲಿ ಆ ಪಂಪು ಯಾರಿಗಾಗಿ ದುಡಿಯುತ್ತಿತ್ತು?

ಚಳಿಗೆ ಗಾಳಿ ಕುಗ್ಗುತ್ತದೆ ಎಂದು ಮಗ ಹೇಳಿದ. ನಿಜ, ಕುಗ್ಗುತ್ತದೆ. ಹೊರೆ ಅಷ್ಟೇ ಇರುವಾಗ ಚೀಲದ ಒತ್ತಡ ಹೆಚ್ಚು ಕಡಿಮೆ ಅಷ್ಟೇ ಇರಬೇಕು, ಗಾತ್ರ ಇಳಿಯಬೇಕು. 25 ಡಿಗ್ರಿಯ ಹಗಲಿನಿಂದ ಮೈನಸ್ 15 ಡಿಗ್ರಿಯ ರಾತ್ರಿಗೆ ಹೋದರೆ ಗಾತ್ರ ನೂರಕ್ಕೆ ಹದಿಮೂರರಷ್ಟು ಇಳಿಯುತ್ತದೆ. ಕೆಲ್ವಿನ್ ಮಾಪನದಲ್ಲಿ 298ರಿಂದ 258. ಹತ್ತನೆಯ ತರಗತಿ ದಾಟಿದವರು ಯಾರಾದರೂ ಮಾಡಬಹುದಾದ ಲೆಕ್ಕ. ಆದರೆ ಅದು ಮೇ ತಿಂಗಳು, ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿಯ ವ್ಯತ್ಯಾಸ. ಅಲ್ಲದೆ ಚಳಿಯಿಂದಾದ ಕುಗ್ಗುವಿಕೆಯಾದರೆ ಬೆಳಗಿನ ಜಾವಕ್ಕೆ ನಿಲ್ಲಬೇಕು, ಬಿಸಿಲೇರಿದ ಮೇಲೂ ಪಂಪು ಗುರುಗುಟ್ಟಬಾರದು. ನಾನು ಕೈಗಡಿಯಾರ ಇಟ್ಟುಕೊಂಡು ಬರೆದುಕೊಂಡೆ. ಮೊದಲ ದಿನ ನಲವತ್ತು ನಿಮಿಷಕ್ಕೊಮ್ಮೆ. ಎಂಟನೆಯ ದಿನ ಇಪ್ಪತ್ತೈದು ನಿಮಿಷಕ್ಕೊಮ್ಮೆ. ಹಗಲಿನಲ್ಲೂ ಅಷ್ಟೇ.

ಈ ಕಾಗದವನ್ನು ತೋರಿಸಿದ್ದಕ್ಕೇ ಆ ಭಾನುವಾರ ಊಟದ ಮನೆಯಲ್ಲಿ ನನಗೆ ಸಿಕ್ಕ ಉತ್ತರ, 'ಓಡ್ತಾ ಇದೆಯಲ್ಲ ಸಾರ್.' ಹಿಂದಿನ ಶರತ್ಕಾಲದಲ್ಲಿ ರಿಪೇರಿ ಅಂಗಡಿಯೊಂದರವರು ಕೆಳಗೆ ಇಣುಕಿ 'ಎಲ್ಲ ಚೆನ್ನಾಗಿದೆ' ಎಂದು ಬರೆದುಕೊಟ್ಟಿದ್ದರಂತೆ. ಅವರು ಪಂಪು ನಡೆಯುತ್ತಿರುವಾಗ ನೋಡಿದ್ದರು. ಪಂಪು ನಡೆಯುತ್ತಿರುವಾಗ ಗಾಡಿ ನೆಟ್ಟಗೇ ನಿಂತಿರುತ್ತದೆ!

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಮೇಷ್ಟರಾದವರಿಗೆ ಕೃಪಾಂಕ ಎಂಬ ಪದ ಹೊಸದಲ್ಲ. ಮೂವತ್ತೊಂದು ತೆಗೆದವನಿಗೆ ನಾಲ್ಕು ಸೇರಿಸಿ ಮೂವತ್ತೈದು ಮಾಡುವುದು. ಒಮ್ಮೆ ಮಾಡಿದರೆ ಕರುಣೆ. ಎಂಟನೆಯ ತರಗತಿಯಲ್ಲಿ ನಾಲ್ಕು, ಒಂಬತ್ತನೆಯದರಲ್ಲಿ ಎಂಟು, ಹೀಗೆ ಪ್ರತಿ ವರ್ಷವೂ ತುಂಬುತ್ತಾ ಹೋದರೆ ಫಲಿತಾಂಶದ ಪಟ್ಟಿ ನೆಟ್ಟಗೆ ಕಾಣುತ್ತದೆ, ಹುಡುಗನಿಗೆ ಭಿನ್ನರಾಶಿ ಕೂಡಲು ಬರುವುದಿಲ್ಲ. ಹಾಗೆ ನಾನು ತುಂಬಿದ್ದೇನೆ. ಶಾಲೆಯ ಫಲಿತಾಂಶಕ್ಕಾಗಿ, ಮುಖ್ಯೋಪಾಧ್ಯಾಯರ ಒತ್ತಾಯಕ್ಕಾಗಿ, ಕೆಲವೊಮ್ಮೆ ನನ್ನದೇ ಸೋಮಾರಿತನಕ್ಕಾಗಿ. ಅಂಥ ಒಬ್ಬ ಹುಡುಗ ಪಬ್ಲಿಕ್ ಪರೀಕ್ಷೆಯಲ್ಲಿ ಗಣಿತಕ್ಕೆ ಹದಿನಾಲ್ಕು ತೆಗೆದು, ಅವನ ತಂದೆ ಶಾಲೆಯ ಬಾಗಿಲಿಗೆ ಬಂದು, "ಹೋದ ವರ್ಷದವರೆಗೂ ಪಾಸಾಗ್ತಿದ್ನಲ್ಲ ಮೇಷ್ಟ್ರೇ?" ಎಂದು ಕೇಳಿದ್ದು ಈಗಲೂ ನನ್ನ ಎದೆಯಲ್ಲಿದೆ. ನನ್ನ ಬಳಿ ಉತ್ತರವಿರಲಿಲ್ಲ.

ಅಂಗಳದ ಆ ಕಂಪ್ರೆಸರು ಗಾಡಿಗೆ ಕೃಪಾಂಕ ಕೊಡುತ್ತಿತ್ತು. ಚೀಲ ಸೋರುತ್ತಿದೆ ಎಂಬ ಸುದ್ದಿ ಒಡೆಯನಿಗೆ ತಲುಪಬೇಕಾದ ದಾರಿ ಒಂದೇ: ಗಾಡಿ ಒಂದು ಪಕ್ಕಕ್ಕೆ ವಾಲಿ ಕುಸಿಯಬೇಕು. ಸದ್ದಿಲ್ಲದೆ ಗಾಳಿ ತುಂಬುವ ಯಂತ್ರ ಆ ಸುದ್ದಿಯನ್ನೇ ಅಳಿಸಿಹಾಕುತ್ತದೆ. ರೋಗವನ್ನು ಬಿಟ್ಟು ರೋಗದ ಲಕ್ಷಣವನ್ನು ಮಾತ್ರ ವಾಸಿಮಾಡುತ್ತದೆ. ಇದನ್ನು ಅನುಕೂಲ ಎಂದು ಹೊಗಳುವವರೊಂದಿಗೆ ನನ್ನ ವಿರೋಧ ಕಂಪ್ರೆಸರಿನ ಮೇಲಿನದಲ್ಲ, ಅದರ ಮೇಲೆ ಅವರಿಟ್ಟ ನಂಬಿಕೆಯ ಮೇಲಿನದು.

ಮೇ 25, ಶನಿವಾರ. ಅಲ್ಲಿನವರಿಗೆ ಸೋಮವಾರ ಸೇರಿ ಮೂರು ದಿನ ರಜೆ. ಉತ್ತರದ ಪರ್ಯಾಯದ್ವೀಪಕ್ಕೆ ಹೊರಡುವ ಸಿದ್ಧತೆ. ಹೆಂಡತಿ ಒಳಗೆ ಉಪ್ಪಿನಕಾಯಿ, ಚಟ್ನಿಪುಡಿಯ ಜಾಡಿಗಳನ್ನು ಜೋಡಿಸುತ್ತಿದ್ದಳು. ಮಗ ಬಲಭಾಗದ ಹಿಂಚಕ್ರಗಳ ಪಕ್ಕದಲ್ಲಿ ಬೆನ್ನ ಮೇಲೆ ಮಲಗಿ ಗಾಡಿಯ ಕೆಳಕ್ಕೆ ತೆವಳಿ, ಜೋತುಬಿದ್ದಿದ್ದ ಒಂದು ವೈರನ್ನು ಕಟ್ಟುತ್ತಿದ್ದ. ಚಾಸಿಗೆ ಆಧಾರ ಕೊಟ್ಟಿರಲಿಲ್ಲ. ಎರಡು ನಿಮಿಷದ ಕೆಲಸಕ್ಕೆ ಆಧಾರ ಯಾಕೆ? ನಾನೂ ಅಲ್ಲೇ ನಿಂತಿದ್ದೆ, ನಾನೂ ಹೇಳಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಮನೆಯ ಬಾಗಿಲಿನಿಂದ ಶೂ ಲೇಸು ಕಟ್ಟಿಕೊಡೆಂದು ಕೂಗಿದಳು. ಅವನು ಗೊಣಗುತ್ತಾ ಹೊರಬಂದು ಅವಳ ಹತ್ತಿರ ಹೋದ.

ಎರಡನೆಯ ಶೂ ಕಟ್ಟುತ್ತಿದ್ದಾಗ ಲಾರಿ ಟೈರು ಸಿಡಿದಂಥ ಸದ್ದಾಯಿತು. ಗಾಡಿಯ ಬಲಹಿಂಭಾಗ ಒಮ್ಮೆಗೇ ಕೂತಿತು. ಒಳಗಿನಿಂದ ಜಾಡಿ ಒಡೆದ ಸದ್ದು, ಹೆಂಡತಿಯ ಕೂಗು. ಅವಳು ಮಂಚದ ಅಂಚು ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ.

ಎಲ್ಲರೂ ಸುಧಾರಿಸಿಕೊಂಡ ಮೇಲೆ ನಾನು ಮೊಮ್ಮಗಳ ಸ್ಕೇಲು ತಂದು, ಅವನು ಮಲಗಿದ್ದ ಜಾಗದಲ್ಲಿ ನೆಲಕ್ಕೂ ಚಾಸಿಗೂ ಇದ್ದ ಅಂತರವನ್ನು ಅಳೆದೆ. ಏಳು ಅಂಗುಲ. ಎಡಭಾಗದಲ್ಲಿ ಅದೇ ಜಾಗದಲ್ಲಿ ಹನ್ನೆರಡು. ಆಮೇಲೆ ಯಾರಿಗೂ ಕಾಣದಂತೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ನನ್ನ ಎದೆಯ ದಪ್ಪವನ್ನೂ ಅಳೆದುಕೊಂಡೆ. ಒಂಬತ್ತು ಅಂಗುಲವಿತ್ತು. ಮಗ ನನಗಿಂತ ದಪ್ಪ.

ಪ್ರವಾಸ ನಿಂತಿತು. ಮರುದಿನ ಮಗ ಗಾಡಿಯ ಹಿಂದಿನ ಒಡೆಯರಿಗೆ ಫೋನು ಮಾಡಿದ. ಎಂಬತ್ತು ದಾಟಿದ ಆ ಹಿರಿಯರು ಮಗಳ ಕಾರಿನಲ್ಲಿ ಬಂದರು. ಗಾಡಿಯ ಹೊಸ ಬಣ್ಣವನ್ನು ನೋಡಿದರು, ಏನೂ ಹೇಳಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಕೇಳಿದ ಮೊದಲ ಪ್ರಶ್ನೆ: ನನ್ನ ನೋಟ್‌ಪುಸ್ತಕ ಎಲ್ಲಿದೆ? ಮಗ ತಂದುಕೊಟ್ಟ. ಅವರು ಕೊನೆಯ ನಮೂದಿನ ಪುಟ ತೆಗೆದರು, ಮುಂದಿನ ಖಾಲಿ ಪುಟ ತಿರುವಿದರು, ಇನ್ನೊಂದು ತಿರುವಿದರು, ಪುಸ್ತಕ ಮುಚ್ಚಿ ಮಗನ ಕೈಗೆ ಕೊಟ್ಟರು. ನಾನು ಎಷ್ಟೋ ತಂದೆತಾಯಿಗಳ ಮುಂದೆ ಎಷ್ಟೋ ಮಕ್ಕಳ ಅಂಕಪಟ್ಟಿ ಇಟ್ಟಿದ್ದೇನೆ. ನನ್ನ ಮಗನ ಅಂಕಪಟ್ಟಿಯನ್ನು ಬೇರೊಬ್ಬರು ನೋಡಿದಾಗ ತಲೆ ತಗ್ಗಿಸಿ ನಿಂತದ್ದು ಅದೇ ಮೊದಲು.

ಮುಂದಿನ ಮೂರು ವಾರ ಸಂಜೆಗಳಲ್ಲಿ ಮಗನೇ ಕೆಲಸ ಮಾಡಿದ, ನಾನು ಟಾರ್ಚು ಹಿಡಿದೆ, ಆ ಹಿರಿಯರು ಕುರ್ಚಿಯಿಂದ ನಿರ್ದೇಶಿಸಿದರು. ಮೊದಲು ಚಾಸಿಯ ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು, ಉಳಿದ ಎಡಚೀಲದ ಗಾಳಿಯನ್ನೂ ತೆಗೆದ ಮೇಲೆಯೇ ಅವರು ಕೆಳಗೆ ಇಳಿಯಲು ಬಿಟ್ಟರು. ಸಿಡಿದ ಚೀಲದ ರಬ್ಬರಿನ ಮೇಲೆ ಒಣಗಿದ ಕೆರೆಯಂಗಳದಂಥ ಬಿರುಕುಗಳು. ರಬ್ಬರಿಗೆ ಓಡಾಟ ಕಡಿಮೆಯೆಂದ ಮಾತ್ರಕ್ಕೆ ಆಯುಸ್ಸು ಹೆಚ್ಚುವುದಿಲ್ಲ. ಗಾಳಿಯಲ್ಲಿರುವ ಓಜೋನು, ನಿಂತಲ್ಲೇ ನಿಂತ ಗಾಡಿಯ ರಬ್ಬರನ್ನೂ ತಿನ್ನುತ್ತದೆ. ಚೀಲದ ಲೋಹದ ತುದಿಗೆ ತುಕ್ಕು ಹಿಡಿದಿತ್ತು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯ ಅದು. ಆ ಉಪ್ಪುನೀರು ಮೊದಲು ಸೇರುವುದು ಇಂಥ ಸಂದುಗಳಿಗೆ.

ಪಿನ್ನುಗಳ ಕಥೆ ಇನ್ನೂ ಬೇಸರದ್ದು. ನಾಲ್ಕರಲ್ಲಿ ಎರಡು ಒಣಗಿದ್ದವು. ಗ್ರೀಸಿದ್ದ ಜಾಗದಲ್ಲಿ ಕಂದು ಬಣ್ಣದ ಪುಡಿ. ಒಂದರ ಬುಶ್ಶು ಎಷ್ಟು ಸವೆದಿತ್ತೆಂದರೆ ಆ ಚಕ್ರದ ತಲೆ ಒಳಮುಖವಾಗಿ ವಾಲಿತ್ತು, ಟೈರಿನ ಒಳಅಂಚು ಮಾತ್ರ ನುಣ್ಣಗಾಗಿತ್ತು. ಹೊರಗೆ ನಿಂತು ನೋಡುವವರಿಗೆ ಕಾಣುವುದು ಟೈರಿನ ಹೊರಅಂಚು. ಅದು ಹೊಸದರಂತಿತ್ತು.

ಇಷ್ಟಾದ ಮೇಲೂ ನನ್ನ ವಾದವನ್ನು ಒಪ್ಪದವರಿದ್ದಾರೆ. ಅವರ ಮಾತನ್ನೂ ಕೇಳೋಣ. ಕೆಲವರು ಹೇಳುತ್ತಾರೆ: ಈ ಗಾಳಿಯ ಗೋಜೇ ಬೇಡ, ಉಕ್ಕಿನ ಸ್ಪ್ರಿಂಗು ಹಾಕಿಸಿ ಮರೆತುಬಿಡಿ. ಈ 'ಮರೆತುಬಿಡಿ' ಎಂಬಲ್ಲೇ ನನ್ನ ತಕರಾರು. ಬ್ಲೇಡು ಕಟ್ಟಾಗಿ ನಡುದಾರಿಯಲ್ಲಿ ನಿಂತ ಬಸ್ಸಿನಿಂದ ಇಳಿದು ನಡೆದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಉಕ್ಕು ಕೂಡ ಮರೆತವರನ್ನು ಕ್ಷಮಿಸುವುದಿಲ್ಲ. ಇನ್ನು ಕೆಲವರದು: ಹಳೆಯದನ್ನು ಮಾರಿ ಹೊಸದನ್ನು ಕೊಳ್ಳಿ. ಲಕ್ಷ ಡಾಲರು ದಾಟುವ ಹೊಸ ಗಾಡಿಯ ಮೂರು ಮೆಟ್ಟಿಲು ನನ್ನ ಹೆಂಡತಿಯ ಮೊಣಕಾಲಿಗೆ ಎಟುಕದು. ಅದು ಎಟುಕಿದರೂ, ಹೊಸದರ ಕೆಳಗೂ ಇವರು ನೋಡುವುದಿಲ್ಲ. ನೋಡದಿರುವ ಅಭ್ಯಾಸವನ್ನು ಹೊಸ ಗಾಡಿಗೆ ಸಾಗಿಸುತ್ತಾರೆ ಅಷ್ಟೆ.

ಮೂರನೆಯ ವಾದ ಸ್ವಲ್ಪ ಗಟ್ಟಿಯಾದದ್ದು. ಊಟದ ಮನೆಯ ಆ ಸ್ನೇಹಿತರೇ ಆಮೇಲೆ ಫೋನಿನಲ್ಲಿ ಹೇಳಿದರು: "ಸಾರ್, ನಾವು ವಾರಕ್ಕೆ ಐವತ್ತು ಗಂಟೆ ಕೆಲಸ ಮಾಡೋರು. ಇದನ್ನೆಲ್ಲ ನೋಡೋಕೆ ಅಂತಲೇ ಅಂಗಡಿಗೆ ದುಡ್ಡು ಕೊಡ್ತೀವಿ. ಅವರು ಸರಿಯಿದೆ ಅಂದ್ರೆ ನಂಬಬೇಕಲ್ವಾ?" ಇದರಲ್ಲಿ ನ್ಯಾಯವಿದೆ, ನಾನು ಅಲ್ಲಗಳೆಯಲಾರೆ. ಎಲ್ಲರೂ ಗ್ರೀಸು ಗನ್ನು ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಂಗಡಿಯವನು ವರ್ಷಕ್ಕೊಮ್ಮೆ ಹತ್ತು ನಿಮಿಷ ನೋಡುತ್ತಾನೆ. ರಾತ್ರಿ ಪಂಪು ಎಷ್ಟು ಹೊತ್ತಿಗೊಮ್ಮೆ ಗುರುಗುಟ್ಟುತ್ತದೆ ಎಂಬುದು ಅವನಿಗೆ ತಿಳಿಯುವುದು ಹೇಗೆ? ಅದು ಆ ಮನೆಯಲ್ಲಿ ಮಲಗುವವನಿಗೆ ಮಾತ್ರ ಗೊತ್ತಾಗುವ ಸಂಗತಿ. ಗ್ರೀಸು ಹೊಡೆಯುವುದನ್ನು ಕೊಳ್ಳಬಹುದು, ಈ ಗಮನವನ್ನು ಕೊಳ್ಳಲಾಗುವುದಿಲ್ಲ. ಟ್ಯೂಷನ್ ಮೇಷ್ಟರಿಗೆ ಫೀಜು ಕೊಟ್ಟೆನಲ್ಲ ಎನ್ನುತ್ತಿದ್ದ ತಂದೆತಾಯಿಗಳಿಗೂ ನಾನು ಇದನ್ನೇ ಹೇಳುತ್ತಿದ್ದೆ, ಅವರೂ ಒಪ್ಪುತ್ತಿರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು ಎಂದು ಕೇಳುವ ಓದುಗರು, ವಿಶೇಷವಾಗಿ ಅಂಥ ಗಾಡಿಗಳಿರುವ ಕನ್ನಡದ ಮಕ್ಕಳು ಯಾರಾದರೂ ಇದ್ದರೆ, ಆ ಹಿರಿಯರಿಂದ ನಾನು ಕಲಿತದ್ದನ್ನು ಕೇಳಿ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಪಂಪಿನ ಸ್ವಿಚ್ಚು ಆರಿಸಿ, ನಾಲ್ಕೂ ಮೂಲೆಗಳ ಎತ್ತರ ಅಳೆದು ಬರೆದಿಡಿ. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಒಂದು ಪಕ್ಕ ಮಾತ್ರ ಇಳಿದಿದ್ದರೆ ಅದು ಚಳಿಯ ಆಟವಲ್ಲ, ಸೋರಿಕೆ. ಬ್ರಶ್ಶಿನಿಂದ ಸೋಪುನೀರನ್ನು ಕೊಳವೆಯ ಗಂಟುಗಳಿಗೆ, ಕವಾಟಕ್ಕೆ, ಚೀಲದ ಕುತ್ತಿಗೆಗೆ ಹಚ್ಚಿ. ಗುಳ್ಳೆ ಎದ್ದಲ್ಲಿ ಕಳ್ಳನಿದ್ದಾನೆ. ಚೀಲದ ಮಡಿಕೆಗಳಲ್ಲಿ ಸಿಕ್ಕಿದ ಕಲ್ಲು, ಮಣ್ಣು ತೊಳೆಯಿರಿ. ಚಳಿಗಾಲ ಕಳೆದ ಕೂಡಲೇ ಕೆಳಭಾಗದ ಉಪ್ಪನ್ನು ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ. ಚಕ್ರವನ್ನು ಮೇಲೆತ್ತಿ, ಟೈರಿನ ತಲೆ ಬುಡ ಹಿಡಿದು ಅಲುಗಾಡಿಸಿ ನೋಡಿ.

ಗ್ರೀಸಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಬಹಳ ಹಿಡಿಸಿದ್ದು. ಚಕ್ರಗಳು ನೆಲದ ಮೇಲೆ ಭಾರ ಹೊತ್ತಿರುವಾಗ ಗನ್ನು ಇಟ್ಟು ಒತ್ತಿದರೆ ಗ್ರೀಸು ಒಳಗೆ ಹೋಗುತ್ತದೆ, ಆದರೆ ಪಿನ್ನಿನ ಯಾವ ಪಕ್ಕ ಬುಶ್ಶಿಗೆ ಬಿಗಿಯಾಗಿ ಒತ್ತಿಕೊಂಡಿದೆಯೋ ಆ ಪಕ್ಕಕ್ಕೆ ಹೋಗುವುದಿಲ್ಲ. ಬೇಕಾದದ್ದು ಅಲ್ಲೇ. ಆದ್ದರಿಂದ ಚಾಸಿಯನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಪಿನ್ನಿನ ಮೇಲಿನ ಹೊರೆ ಇಳಿಸಿ ಆಮೇಲೆ ಒತ್ತಬೇಕು. ಹಳೆಯ ಕಪ್ಪು ಗ್ರೀಸೆಲ್ಲ ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ನಿಪ್ಪಲಿನ ಸುತ್ತಲೇ ಗ್ರೀಸು ಉಕ್ಕಿದರೆ ಒಳದಾರಿ ಕಟ್ಟಿದೆ ಎಂದರ್ಥ. ಒರೆಸಿಕೊಂಡು 'ಆಯಿತು' ಎನ್ನಬಾರದು. ನಮ್ಮ ತಂದೆಯವರು ಚಕ್ರವನ್ನು ಪೂರ್ತಿ ಹೊರಕ್ಕೆ ಸರಿಸದೆ ಎಣ್ಣೆ ಸವರಲು ಬಿಡದಿದ್ದುದು ಯಾಕೆಂದು ಅರವತ್ತೈದು ದಾಟಿದ ಮೇಲೆ ನನಗೆ ಅರ್ಥವಾಯಿತು. ಆಗ ಬೈಸಿಕೊಂಡಿದ್ದೆ.

ಎಲ್ಲಕ್ಕಿಂತ ಮೊದಲು, ಗಾಳಿಯ ನಂಬಿಕೆಯ ಮೇಲೆ, ಅಥವಾ ಒಂಟಿ ಜಾಕಿನ ನಂಬಿಕೆಯ ಮೇಲೆ ಗಾಡಿಯ ಕೆಳಗೆ ತಲೆಯಿಡಬೇಡಿ. ಎರಡು ನಿಮಿಷದ ಕೆಲಸಕ್ಕೂ ಇಡಬೇಡಿ.

ಜುಲೈ ತಿಂಗಳಲ್ಲಿ ನಾವು ಹೊರಟೆವು. ಎರಡೂ ಚೀಲ ಹೊಸವು, ಒಂದು ಬುಶ್ಶು ಹೊಸದು, ಪಂಪಿಗೆ ಮಗ ಒಂದು ಕೆಂಪು ದೀಪ ಸೇರಿಸಿದ್ದ. ಪಂಪು ನಡೆದಾಗಲೆಲ್ಲ ಚಾಲಕನ ಎದುರಿಗೆ ಉರಿಯುವಂಥದ್ದು. ಇದು ಅವನದೇ ಯೋಚನೆ, ನಾನು ಹೇಳಿಕೊಟ್ಟದ್ದಲ್ಲ. ಮಿಷಿಗನ್ನಿನ ಎರಡು ಪರ್ಯಾಯದ್ವೀಪಗಳನ್ನು ಕೂಡಿಸುವ ಮ್ಯಾಕಿನಾ ಸೇತುವೆಯನ್ನು ದಾಟಿದೆವು. 1957ರಲ್ಲಿ ತೆರೆದದ್ದು, ಸುಮಾರು ಎಂಟು ಕಿಲೋಮೀಟರು ಉದ್ದ. ಒಳಗಿನ ಸಾಲುಗಳಲ್ಲಿ ನೆಲವೇ ಉಕ್ಕಿನ ಜಾಲರಿ, ಕೆಳಗೆ ನೀರು. ಅದರ ಮೇಲೆ ಚಕ್ರಗಳು ಜೇನುಹುಳುಗಳಂತೆ ಗುಂಯ್‌ಗುಟ್ಟಿದವು. ನಾನು ಸೇತುವೆಯನ್ನು ಅಷ್ಟಾಗಿ ನೋಡಲಿಲ್ಲ, ಕೆಂಪು ದೀಪವನ್ನು ನೋಡುತ್ತಿದ್ದೆ. ಅದು ಉರಿಯಲಿಲ್ಲ. ಹಿಂದಿನ ಮಂಚದ ಮೇಲೆ ಹೆಂಡತಿ ಮಲಗಿದ್ದಳು. ಮ್ಯುನಿಸಿಂಗ್ ಎಂಬ ಊರಿನಲ್ಲಿ ಎದ್ದು, ಸುಪೀರಿಯರ್ ಸರೋವರದ ದಡದಲ್ಲಿ ಒಂದೇ ಮೆಟ್ಟಿಲು ಇಳಿದ ಅವಳು, "ಸೇತುವೆ ಯಾವಾಗ ಬರುತ್ತೆ?" ಎಂದು ಕೇಳಿದಳು.

ನೋಟ್‌ಪುಸ್ತಕ ಈಗ ಚಾಲಕನ ಬಾಗಿಲಿನ ಜೇಬಿನಲ್ಲಿದೆ. 2021ರ ಆಗಸ್ಟಿನ ಸಾಲಿನ ಕೆಳಗೆ 2024ರ ಜೂನ್ 15ರ ಸಾಲನ್ನು ನನ್ನ ಕೈಯಿಂದಲೇ ಬರೆಸಿದರು. ಮಧ್ಯದ ಮೂರು ವರ್ಷಗಳಿಗೆ ಏನು ಬರೆಯಲಿ ಎಂದು ಆ ಹಿರಿಯರನ್ನು ಕೇಳಿದೆ. ಖಾಲಿ ಬಿಡಿ ಎಂದರು. ಮೂರು ಸಾಲು ಖಾಲಿ ಬಿಟ್ಟಿದ್ದೇನೆ.